ಸಿಂಗಳೀಕವೂ ಗರಗಸಮೀನೂ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ನಮ್ಮ ವಾಚಕರಿಗೆ ಕೋತಿಯು ಹೊಸತಲ್ಲ, ಮೀನೂ ಹೊಸತಲ್ಲ. ಆದರೆ ನಮ್ಮ ಸೀಮೆಯಲ್ಲಿ ದಟ್ಟವಾದ ಮಳೆಗಾಡಾಗಲಿ ಕಡಲಾಗಲಿ ಇಲ್ಲ. ಆದಕಾರಣ ಪಡುವಣ ಕನ್ನಡನಾಡಿನಲ್ಲಿ ನಶಿಸುತ್ತಲಿರುವ ಒಂದು ಚಿಕ್ಕ ಕೋತಿಯನ್ನೂ ಒಂದು ದೊಡ್ಡ ಮೀನನ್ನೂ ಇಲ್ಲಿ ಹೋಲಿಸಿ ನೋಡುವೆವು.

ಸಿಂಗಳೀಕವು ಪಶ್ಚಿಮಘಟ್ಟಗಳ ಹೊರತು ಜಗತ್ತಿನ ಬೇರಾವ ಕಾಡಿನಲ್ಲಿಯೂ ಇರುವದಿಲ್ಲ. ಅದರ ಮೈ ಕಪ್ಪು. ಮುಖದ ಸುತ್ತಲೂ ಬೂದುಬಣ್ಣದ ಕೇಸರ. ಬಾಲದ ತುದಿಯಲ್ಲಿ ಸಿಂಹಕ್ಕಿರುವಂಥ ಕುಚ್ಚು. ದೊಡ್ಡ ಗಂಡು ಸಹ 10 ಕಿಲೋಗ್ರಾಂ ತೂಗಿದರೆ ಹೆಚ್ಚು. ಅದು ಬಹುಮಟ್ಟಿಗೆ ಮರಗಳ ಮೇಲೆಯೇ ಬಾಳುವದು. ರಸ್ತೆ, ತೋಟ, ಅಣೆಕಟ್ಟುಗಳಿಂದ ಕಾಡು ತುಂಡುತುಂಡಾದರೆ ಒಂದು ಗುಂಪು ಮತ್ತೊಂದನ್ನು ಸೇರಲಾರದು.

ಗರಗಸಮೀನು ನೋಟಕ್ಕೆ ಶಾರ್ಕಿನಂತಿದ್ದರೂ ತೊರಕೆಯ ಬಳಗಕ್ಕೆ ಸೇರಿದ್ದು. ಅದರ ಅಸ್ಥಿಪಂಜರವು ಗಟ್ಟಿ ಎಲುಬಿನದಲ್ಲ. ನಮ್ಮ ಮೂಗಿನ ತುದಿಯಲ್ಲಿರುವಂಥ ಮೃದ್ವಸ್ಥಿಯದು. ಅದರ ಉದ್ದವಾದ ಮೂತಿಯ ಎರಡು ಅಂಚುಗಳಲ್ಲಿಯೂ ಹಲ್ಲುಗಳಿವೆ. ಬೇಟೆಯನ್ನು ಅರಿಯಲೂ ಹೊಡೆಯಲೂ ಈ ಗರಗಸವೇ ಸಾಧನ. ಬಲೆ ತಗಲಿದಾಗ ಇದೇ ಉರುಲು. 2021ರಲ್ಲಿ ಮಲ್ಪೆಯಲ್ಲಿ ಇಂಥದೊಂದು ಮೀನು ಬಲೆಗೆ ಸಿಕ್ಕಿ ದಡಕ್ಕೆ ಬಂದಿತು.

ಒಂದಕ್ಕೆ ಕಾಡಿನ ಬಿರುಕು ಶತ್ರು, ಇನ್ನೊಂದಕ್ಕೆ ಬಲೆ. ಆದರೂ ಇವೆರಡರ ದುರವಸ್ಥೆಗೆ ಸಮಾನವಾದ ಕಾರಣವೊಂದುಂಟು. ಅದು ಸಂತಾನದ ಮಂದಗತಿ. ಸಿಂಗಳೀಕವು ಸೂಲಿಗೆ ಸಾಮಾನ್ಯವಾಗಿ ಒಂದೇ ಮರಿ ಈಯುವದು. ಮುಂದಿನ ಸೂಲಿಗೆ ಎರಡು ವರುಷಕ್ಕೂ ಹೆಚ್ಚು ಕಾಲ ಬೇಕು. ಅನೇಕ ಮೀನುಗಳು ಸಾವಿರಗಟ್ಟಲೆ ತತ್ತಿಯಿಡುವವು. ಗರಗಸಮೀನಾದರೋ ಕೆಲವೇ ಮರಿಗಳನ್ನು ಹೆರುವದು. ತಾಯಿಗೆ ಗಾಯವಾಗದಂತೆ ಹುಟ್ಟುವಾಗ ಮರಿಯ ಗರಗಸಕ್ಕೆ ಪೊರೆ ಮುಚ್ಚಿರುವದು. ಇಂಥ ಒಂದು ತಾಯಿ ಸತ್ತರೆ ಆ ನಷ್ಟವು ಬೇಗನೆ ತುಂಬದು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಇವೆರಡಕ್ಕೂ ಮೊದಲನೆಯ ಅನುಸೂಚಿಯಲ್ಲಿ ಸ್ಥಾನವಿತ್ತಿದೆ. ಉತ್ತರಕನ್ನಡದ ಅಘನಾಶಿನಿ ಕಣಿವೆಯಲ್ಲಿ ಸಿಂಗಳೀಕಕ್ಕಾಗಿ 2011ರಲ್ಲಿ ಸಂರಕ್ಷಿತ ಪ್ರದೇಶವು ಘೋಷಿತವಾಯಿತು. ಕಾಡಿಗೆ ಹೀಗೆ ಎಲ್ಲೆ ಗೊತ್ತುಮಾಡಬಹುದು, ಕಡಲಿಗೆ ಬೇಲಿಯುಂಟೇ? ಅಲ್ಲಿ ಬಲೆಯನ್ನು ಕತ್ತರಿಸಿ ಮೀನನ್ನು ಜೀವಸಹಿತ ಬಿಟ್ಟುಕೊಡುವ ಬೆಸ್ತನ ಕೈಯೇ ದೊಡ್ಡ ರಕ್ಷೆ. ಆದರೆ ಅದಕ್ಕಾಗಿ ಬೆಲೆಯುಳ್ಳ ತನ್ನ ಬಲೆಯನ್ನು ಆ ಬಡವನು ಕೆಡಿಸಿಕೊಳ್ಳಬೇಕಾಗುವದು. ಆ ನಷ್ಟವನ್ನು ಅವನೊಬ್ಬನ ಮೇಲೆಯೇ ಹೊರಿಸುವದು ನ್ಯಾಯವಲ್ಲ.

ನಮ್ಮ ಕಪ್ಪತಗುಡ್ಡವೂ 2019ರಲ್ಲಿ ವನ್ಯಜೀವಿಧಾಮವಾಗಿದೆ. ತಾಯಂದಿರು ತಮ್ಮ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಲಿ. ಮನೆಯ ಬಳಿಯ ಗುಡ್ಡವನ್ನು ಪ್ರೀತಿಸಲು ಕಲಿತ ಮಗುವು ಕಾಣದ ಕಾಡಿಗೂ ಕಡಲಿಗೂ ಮರುಗಲು ಕಲಿಯುವದೆಂದು ನಾವು ನಂಬುವೆವು.