ತುರಿಮಣೆಗೆ ಪೇಟೆಂಟ್ ಬರೆಯುವುದು ಹೇಗೆ?

ಜಯನಗರದ ಪೇಟೆಂಟ್ ಏಜೆಂಟರೊಬ್ಬರ ಕಚೇರಿಗೆ ಹೋದಾಗ ಮೇಜಿನ ಮೇಲೆ ತೆಂಗಿನಕಾಯಿ ತುರಿಯುವ ಮಣೆಯೊಂದಿತ್ತು. ಹೊಸದಾಗಿ ಸೇರಿದ್ದ ಮೆಕ್ಯಾನಿಕಲ್ ಎಂಜಿನಿಯರ್ ಹುಡುಗಿಗೆ ಅಂದಿನ ಪಾಠ ಅದೇ. ‘ಇದನ್ನ ನೀನೇ ಕಂಡುಹಿಡಿದೆ ಅಂದ್ಕೊಳ್ಳಮ್ಮ. ಈಗ ಕ್ಲೇಮ್ ಬರಿ.’

ಪೇಟೆಂಟಿನ ಹಕ್ಕು ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವುದೇ ಕ್ಲೇಮ್. ಎಷ್ಟೇ ಉದ್ದವಾಗಲಿ, ಒಂದು ಕ್ಲೇಮಿಗೆ ಒಂದೇ ವಾಕ್ಯ. ಅವಳು ಬರೆದಳು: ಮರದ ಮಣೆ, ಅದಕ್ಕೆ ಮೊಳೆ ಹೊಡೆದು ಕೂರಿಸಿದ ಕಬ್ಬಿಣದ ಅಲಗು. ‘ನಾಳೆ ಒಬ್ಬ ಪ್ಲಾಸ್ಟಿಕ್ ಮಣೆಗೆ ಸ್ಟೀಲ್ ಅಲಗು ಹಾಕಿ ಸ್ಕ್ರೂ ತಿರುಗಿಸಿದರೆ?’ ಎಂದರು ಏಜೆಂಟರು. ಅವಳು ಮರ, ಮೊಳೆ, ಕಬ್ಬಿಣ ಮೂರನ್ನೂ ಹೊಡೆದುಹಾಕಿದಳು. ಉಳಿದದ್ದು ಒಂದು ಆಧಾರ, ಅದಕ್ಕೆ ಜೋಡಿಸಿದ ಅಲಗು. ‘ಈಗ ಈಳಿಗೆಮಣೆಯೂ ಒಳಗೆ ಬಂತಲ್ಲ! ಅದು ಮೊದಲೇ ಇತ್ತು ಅಂದ್ರೆ ನಿನ್ನ ಕ್ಲೇಮೇ ಬಿತ್ತು.’ ಬಹಳ ಹೊತ್ತು ಮಣೆಯನ್ನೇ ತಿರುಗಿಸಿ ನೋಡಿ, ತುದಿಯ ದುಂಡು ಅಂಚಿನ ಹಲ್ಲುಗಳನ್ನು ಅವಳು ಸೇರಿಸಿದಳು. ಹೊಸತನ ಇದ್ದದ್ದು ಅಲ್ಲಿ. ತೆಂಗಿನಚಿಪ್ಪಿನ ಒಳಬಾಗಿಗೆ ಒಗ್ಗುವ ಆ ದುಂಡನ್ನು ನಾನೂ ಮೊದಲ ಸಲ ಗಮನಿಟ್ಟು ನೋಡಿದೆ.

ಈ ಕಸುಬಿಗೆ ಕಾನೂನು ಪದವಿ ಬೇಕಿಲ್ಲ. 1970ರ ಪೇಟೆಂಟ್ ಕಾಯ್ದೆಯ 126ನೇ ಸೆಕ್ಷನ್ ಕೇಳುವುದು ಭಾರತೀಯ ಪೌರತ್ವ, 21 ವರ್ಷ ವಯಸ್ಸು, ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ. ಆಮೇಲೆ ಪರೀಕ್ಷೆ: ಕಾಯ್ದೆ ಮತ್ತು ನಿಯಮಗಳ ಮೇಲೊಂದು, ಕರಡು ಬರವಣಿಗೆಯ ಮೇಲೊಂದು ಪತ್ರಿಕೆ, ಜೊತೆಗೆ ಮೌಖಿಕ. 2018ರ ನಂತರದ ಪರೀಕ್ಷೆ ನಡೆದದ್ದು 2023ರಲ್ಲಿ. ಅಷ್ಟು ವರ್ಷ ಯುವಕರನ್ನು ಕಾಯಿಸಿದ್ದು ಸರಿಯಲ್ಲ.

ನಮ್ಮಲ್ಲಿ ಪೇಟೆಂಟ್ ವ್ಯವಸ್ಥೆ ಹಳೆಯದು. 1856ರಲ್ಲಿ ಮೊದಲ ಅರ್ಜಿ ಹಾಕಿದವರು ಕಲ್ಕತ್ತದ ಸಿವಿಲ್ ಎಂಜಿನಿಯರ್ ಜಾರ್ಜ್ ಆಲ್ಫ್ರೆಡ್ ಡಿಪೆನಿಂಗ್, ಪಂಖಾ ಎಳೆಯುವ ಯಂತ್ರಕ್ಕಾಗಿ. ಮಾರ್ಚ್‌ನಲ್ಲಿ ಮನವಿ, ಸೆಪ್ಟೆಂಬರ್‌ನಲ್ಲಿ ನಕ್ಷೆ ಸಮೇತ ವಿವರಣೆ. ಯಂತ್ರ ಮಾಡಿದರೆ ಸಾಲದು, ಅದನ್ನು ಬರೆದು ತೋರಿಸಬೇಕು ಎಂಬ ಕಟ್ಟಳೆ ಆಗಲೇ ಇತ್ತು.

ಆ ಬರವಣಿಗೆ ಕೈಗೆ ಹತ್ತುವುದು ಪಳಗಿದವರ ಬಳಿ ಕೂತು ಬರೆದು, ಹೊಡೆದುಹಾಕಿ, ಮತ್ತೆ ಬರೆದಾಗ. ಯುರೋಪಿನಲ್ಲಿ ಅರ್ಹತಾ ಪರೀಕ್ಷೆಯನ್ನು ಪೂರ್ತಿ ಮುಗಿಸುವವರು ಸಾಮಾನ್ಯವಾಗಿ ಮೂರು ವರ್ಷ ಅನುಭವಿಗಳ ಕೈಕೆಳಗೆ ಕೆಲಸ ಕಲಿತಿರಬೇಕು. ನಮ್ಮ ಕಾನೂನು ಒಂದು ದಿನದ ತರಬೇತಿಯನ್ನೂ ಕಡ್ಡಾಯ ಮಾಡಿಲ್ಲ. ದೊಡ್ಡ ಕಂಪನಿಗೆ ಇದರಿಂದ ನಷ್ಟವಿಲ್ಲ, ಅದು ಪಳಗಿದವರನ್ನೇ ಹುಡುಕಿಕೊಳ್ಳುತ್ತದೆ. ಅಡಿಕೆ ಸುಲಿಯುವ ಯಂತ್ರ ಮಾಡಿದ ಮಲೆನಾಡಿನ ಕೃಷಿಕನಿಗೆ ಮಾತ್ರ ಕ್ಲೇಮಿನಲ್ಲಿ ಸೇರಿಕೊಂಡ ‘ಮರದ’ ಎಂಬ ಒಂದು ಮಾತು 20 ವರ್ಷದ ಹಕ್ಕನ್ನೇ ಪೊಳ್ಳಾಗಿಸಬಲ್ಲದು. ಪರೀಕ್ಷೆಗೆ ಮುನ್ನ ಒಂದು ವರ್ಷವಾದರೂ ಕೈಕೆಲಸದ ಕಲಿಕೆ ಕಡ್ಡಾಯವಾಗಲಿ.