ಪಡೆಯುವ ಹಣ, ತಿಳಿಸುವ ಹೊಣೆ

ಸರಕಾರದ ಸಹಾಯಧನವು ನಿಯಮಕ್ಕೆ ಒಳಪಟ್ಟು ಬರುವಂಥದು. ಯಾವ ಸ್ಥಿತಿಯನ್ನು ಕಂಡು ಅದನ್ನು ಕೊಟ್ಟರೋ ಆ ಸ್ಥಿತಿ ಬದಲಾದೊಡನೆ ತಿಳಿಸುವ ಹೊಣೆ ಪಡೆದ ಮನೆಯವರದು. ಇದನ್ನು ಬಹುಜನರು ಮರೆಯುತ್ತಾರೆ.

ನಾವು ಬಲ್ಲ ಮನೆಯೊಂದರ ತಾಯಿಗೆ ಸಂಧ್ಯಾ ಸುರಕ್ಷಾ ಮಾಸಾಶನ ಬರುತ್ತಿತ್ತು. 65 ವರ್ಷ ತುಂಬಿದ ಬಡ ವೃದ್ಧರಿಗೆ ಕರ್ನಾಟಕ ಸರಕಾರ ನೀಡುವ ನೆರವಿದು. ಆಕೆ ಲಿಂಗೈಕ್ಯಳಾದ ಮೇಲೂ ಖಾತೆಗೆ ಹಣ ಜಮೆಯಾಗುತ್ತಲೇ ಇತ್ತು. “ಅವರೇ ಹಾಕುತ್ತಿದ್ದಾರೆ, ನಾವೇನು ಕದ್ದೆವೆ?” ಎನ್ನುತ್ತ ಮಗನು ಐದು ತಿಂಗಳು ತೆಗೆದುಕೊಂಡನು. ಪರಿಶೀಲನೆಯಲ್ಲಿ ಸಂಗತಿ ಹೊರಬಿದ್ದು ಅಷ್ಟನ್ನೂ ಮರಳಿ ಕಟ್ಟಬೇಕಾಯಿತು. ಹಣ ಹೋದುದಕ್ಕಿಂತ ತಾಯಿಯ ಹೆಸರಿನಲ್ಲಿ ನೋಟೀಸು ಬಂದುದೇ ಅವನನ್ನು ಹೆಚ್ಚು ನೋಯಿಸಿತು.

ಮರಣವನ್ನು 21 ದಿನಗಳೊಳಗೆ ತಿಳಿಸಿ ನೋಂದಾಯಿಸಬೇಕೆಂಬುದು ನಿಯಮ. ಆ ಮರಣಪತ್ರದ ಪ್ರತಿಯನ್ನು ನಾಡಕಚೇರಿಗೂ ಬ್ಯಾಂಕಿಗೂ ಕೊಟ್ಟು ಸ್ವೀಕೃತಿ ಪಡೆದಿಡಬೇಕು. ಅನಂತರ ಬಂದ ಹಣವನ್ನು ಮುಟ್ಟಬಾರದು.

ಬದುಕಿರುವಾಗಲೂ ಇದೇ ನ್ಯಾಯ. 2019ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯಲ್ಲಿ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ ಮೂರು ಕಂತುಗಳಲ್ಲಿ ಬರುತ್ತದೆ. ಪತಿ-ಪತ್ನಿಯರಲ್ಲಿ ಒಬ್ಬರು ಆದಾಯ ತೆರಿಗೆ ಕಟ್ಟುವಂತಾದರೆ ಆ ಅರ್ಹತೆ ತಪ್ಪುತ್ತದೆ. ಪಡೆದ ಕಂತುಗಳನ್ನು ಹಿಂದಿರುಗಿಸಬೇಕಾಗುತ್ತದೆ. ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಮೊದಲೇ ತಿಳಿಸುವುದು ಲೇಸು.

ತಿಳಿಸದೆ ಉಳಿಸಿಕೊಂಡ ಹಣ ಲಾಭದಂತೆ ತೋರಿದರೂ ಅದು ಸಾಲವೇ. ಕೇಳುವವರು ಬರಲೆಂದು ಕಾಯದೆ ನಾವಾಗಿಯೇ ಹೋಗಿ ಹೇಳಿದರೆ ಮನೆಯ ಮರ್ಯಾದೆಯೂ ಮನಸ್ಸಿನ ನೆಮ್ಮದಿಯೂ ಉಳಿಯುತ್ತವೆ.