ಪಂಜರ ಬಿಟ್ಟುಹೋದ ಹ್ಯಾಮ್‌ಸ್ಟರ್

ಬೆಳಗಿನ ಕಾಫಿಯ ಹೊತ್ತು. ನೆರೆಮನೆಯಿಂದ ಮಗುವಿನ ಅಳು ಕೇಳಿಸಿತು. ಏನೆಂದು ವಿಚಾರಿಸಲು ಹೋದರೆ, ಮೇಜಿನ ಮೇಲಿದ್ದ ತಂತಿಯ ಪಂಜರದ ಬಾಗಿಲು ಅರ್ಧ ತೆರೆದಿದೆ. ಒಳಗಿನ ಪುಟ್ಟ ಚಕ್ರ ಸುಮ್ಮನೆ ನಿಂತಿದೆ. ಇರುಳೆಲ್ಲ ಅದರಲ್ಲಿ ಓಡುತ್ತಿದ್ದ ಹ್ಯಾಮ್‌ಸ್ಟರ್ ಮಾತ್ರ ಇಲ್ಲ. "ಹೋದರೆ ಹೋಗಲಿ ಬಿಡೇ ಪುಟ್ಟಿ, ಎಷ್ಟಾದರೂ ಇಲಿ ತಾನೆ?" ಎಂದು ಅಜ್ಜಿ ಸಮಾಧಾನ ಹೇಳುತ್ತಿದ್ದರು. ಅಳು ಮತ್ತಷ್ಟು ಜೋರಾಯಿತು. ಸಾಲದ್ದಕ್ಕೆ, ಹೆಗ್ಗಣದ ಕಾಟ ತಾಳಲಾರದೆ ಮನೆಯ ಯಜಮಾನರು ಹಿಂದಿನ ದಿನವಷ್ಟೇ ಅಡಿಗೆಮನೆಯ ಮೂಲೆಗಳಲ್ಲಿ ಇಲಿಪಾಷಾಣದ ತುಂಡುಗಳನ್ನು ಇಟ್ಟಿದ್ದರು.

ಇಂಥ ಸನ್ನಿವೇಶ ಈಗ ನಮ್ಮ ಪಟ್ಟಣಗಳಲ್ಲಿ ಅಪರೂಪವೇನಲ್ಲ. ಆದ್ದರಿಂದ ಓಡಿಹೋದ ಪ್ರಾಣಿ ಎಲ್ಲಿಗೆ ಹೋಗುತ್ತದೆ, ಅದಕ್ಕೆ ಏನಾಗುತ್ತದೆ, ನಾವು ಏನು ಮಾಡಬೇಕು ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಹ್ಯಾಮ್‌ಸ್ಟರ್ ಎಂಬುದು ಇಲಿ, ಅಳಿಲುಗಳಂತೆ ದಂಶಕ ವರ್ಗಕ್ಕೆ ಸೇರಿದ ಪ್ರಾಣಿ. ಅದರ ಬಾಚಿಹಲ್ಲುಗಳು ಜೀವಮಾನವೆಲ್ಲ ಬೆಳೆಯುತ್ತಲೇ ಇರುತ್ತವೆ. ಆದಕಾರಣ ಏನನ್ನಾದರೂ ಕಡಿಯುತ್ತಲೇ ಇರಬೇಕು. ಸಾಕುವವರಲ್ಲಿ ಹೆಚ್ಚು ಪರಿಚಿತವಾದದ್ದು ಹೊಂಬಣ್ಣದ ಹ್ಯಾಮ್‌ಸ್ಟರ್. ಸಿರಿಯಾ ಮತ್ತು ತುರ್ಕಿ ದೇಶಗಳ ಗಡಿಯ ಬಯಲುಸೀಮೆ ಅದರ ತವರು. ಅಲ್ಲಿ ಅದು ನೆಲದಡಿ ಬಿಲ ತೋಡಿ, ಒಂಟಿಯಾಗಿ ಬಾಳುತ್ತದೆ. ಹೊರಗೆ ಬಂದಾಗ ಕಾಳನ್ನು ಆಯ್ದು, ಭುಜದವರೆಗೂ ಚಾಚುವ ಕೆನ್ನೆಯ ಚೀಲಗಳಲ್ಲಿ ತುಂಬಿಕೊಂಡು ಬಿಲಕ್ಕೆ ಸಾಗಿಸುತ್ತದೆ. ನಮ್ಮ ಮನೆಯ ಪಂಜರದಲ್ಲಿ ಅದು ಇರುಳಿನ ಪ್ರಾಣಿ. ಒಂದೇ ರಾತ್ರಿಯಲ್ಲಿ ಚಕ್ರದ ಮೇಲೆ ಹಲವು ಕಿಲೋಮೀಟರು ಓಡಬಲ್ಲದು. ಅಂಥ ಪ್ರಾಣಿಗೆ ಬಾಗಿಲು ತೆರೆದದ್ದು ಕಂಡರೆ ಹೊರಗೆ ಬರುವುದು ಸಹಜ. ಅದು ಮುನಿಸಿಕೊಂಡು ಹೋದದ್ದೂ ಅಲ್ಲ, ಉಪಕಾರ ಮರೆತು ಹೋದದ್ದೂ ಅಲ್ಲ.

ಈ ತಪ್ಪಿಸಿಕೊಳ್ಳುವ ಅಭ್ಯಾಸ ಆ ಸಂತತಿಗೇ ಅಂಟಿಬಂದಿದೆ ಎನ್ನಬೇಕು. 1930ರಲ್ಲಿ ಜೆರೂಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿದ್ದ ಸಾಲ್ ಆಡ್ಲರ್ ಎಂಬ ವಿಜ್ಞಾನಿಗೆ ಪ್ರಯೋಗಕ್ಕೆಂದು ಹ್ಯಾಮ್‌ಸ್ಟರುಗಳು ಬೇಕಾಗಿದ್ದವು. ನಮ್ಮ ಬಿಹಾರ, ಬಂಗಾಳಗಳನ್ನು ಬಹುಕಾಲ ಕಾಡಿದ ಕಾಲಾ ಅಜಾರ್ ಜ್ವರದ ವರ್ಗದ ರೋಗಗಳನ್ನು ಅವರು ಅಭ್ಯಸಿಸುತ್ತಿದ್ದರು. ಅವರ ಕೋರಿಕೆಯಂತೆ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞರು ಸಿರಿಯಾದ ಅಲೆಪ್ಪೋ ಬಳಿ ಗೋಧಿಯ ಹೊಲವೊಂದನ್ನು ಅಗೆಸಿ, ಒಂದು ತಾಯಿಯನ್ನೂ ಅದರ ಮರಿಗಳನ್ನೂ ಹಿಡಿದರು. ಗಾಬರಿಗೊಂಡ ತಾಯಿ ತನ್ನದೇ ಮರಿಯೊಂದನ್ನು ಕಚ್ಚಿ ಕೊಂದಿತು. ಬದುಕಿದ ಮರಿಗಳನ್ನು ಅಹರೋನಿ ದಂಪತಿಗಳು ಸಾಕಿ, ವಿಶ್ವವಿದ್ಯಾಲಯದ ಪ್ರಾಣಿಶಾಲೆಗೆ ಒಪ್ಪಿಸಿದರು. ಅಲ್ಲಿ ಅವುಗಳನ್ನಿಟ್ಟ ಪಂಜರದ ತಳ ಮರದ್ದು. ಬೆಳಗಾಗುವಷ್ಟರಲ್ಲಿ ಐದು ಮರಿಗಳು ಹಲಗೆಯನ್ನು ಕಡಿದು ಪರಾರಿಯಾಗಿದ್ದವು. ಅವುಗಳಲ್ಲಿ ಒಂದೂ ಜೀವಸಹಿತ ಸಿಗಲಿಲ್ಲ. ಉಳಿದದ್ದು ನಾಲ್ಕೇ. ಆ ನಾಲ್ಕರೊಳಗಿನ ಅಣ್ಣತಂಗಿಯರ ಜೋಡಿಯಿಂದ ವಂಶ ಬೆಳೆಯಿತು. ಕೇವಲ ಹದಿನಾರು ದಿನಗಳಲ್ಲಿ ಗರ್ಭ ಪೂರ್ಣವಾಗುವ ಜಾತಿಯಾದ್ದರಿಂದ ಒಂದು ವರ್ಷದಲ್ಲೇ ಸಂಖ್ಯೆ ನೂರನ್ನು ಮೀರಿತು. 1931ರಲ್ಲಿ ಕೆಲವು ಲಂಡನ್ನಿಗೆ ಹೋದವು. ಅಲ್ಲಿಂದ ಮುಂದೆ ಲೋಕವೆಲ್ಲ ಹರಡಿದವು. ಇಂದು ಮನೆಗಳಲ್ಲಿರುವ ಹೊಂಬಣ್ಣದ ಹ್ಯಾಮ್‌ಸ್ಟರುಗಳಲ್ಲಿ ಬಹುಪಾಲು ಈ ಉಳಿದುಕೊಂಡವುಗಳ ಮೊಮ್ಮಕ್ಕಳೇ.

ಹಾಗಾದರೆ ಪಂಜರ ಬಿಟ್ಟದ್ದು ಎಲ್ಲಿರುತ್ತದೆ? ಮೊದಲ ದಿನ ಅದು ಸಾಮಾನ್ಯವಾಗಿ ಮನೆಯೊಳಗೇ ಇರುತ್ತದೆ. ಅದಕ್ಕೆ ಕಣ್ಣು ಮಂದ. ಮೂಗು ಮತ್ತು ಮೀಸೆಗಳೇ ದಾರಿತೋರಿಕೆ. ಆದ್ದರಿಂದ ಬಯಲಾದ ನಡುಮನೆಯನ್ನು ದಾಟದೆ ಗೋಡೆಯ ಅಂಚನ್ನೇ ಹಿಡಿದು ಸಾಗುತ್ತದೆ. ಕತ್ತಲೆ, ಬೆಚ್ಚಗೆ, ಇಕ್ಕಟ್ಟು ಈ ಮೂರೂ ಕೂಡಿದ ಜಾಗ ಸಿಕ್ಕರೆ ಅಲ್ಲಿ ಮಲಗುತ್ತದೆ. ಫ್ರಿಜ್ಜಿನ ಹಿಂಭಾಗ, ಬೀರುವಿನ ಅಡಿ, ಹಾಸಿಗೆಯ ಸುರುಳಿ, ಅಕ್ಕಿಯ ಡ್ರಮ್ಮಿನ ಮಗ್ಗುಲು, ಹಳೆಯ ಬಟ್ಟೆಯ ಗಂಟು ಇವೆಲ್ಲ ಅದರ ದೃಷ್ಟಿಯಲ್ಲಿ ಒಳ್ಳೆಯ ಬಿಲಗಳೇ.

ಇನ್ನೊಂದು ಸ್ವಾರಸ್ಯದ ಸಂಗತಿಯಿದೆ. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಆರಿಯಾನ್ ಎಟಿಯೆನ್ ಎಂಬ ವಿದುಷಿ 1980ರಿಂದೀಚೆಗೆ ಹ್ಯಾಮ್‌ಸ್ಟರುಗಳನ್ನು ಕತ್ತಲಲ್ಲಿ ಪರೀಕ್ಷಿಸಿದರು. ಕಾಳು ತುಂಬಿಕೊಳ್ಳಲು ಸುತ್ತಿ ಬಳಸಿ ಹೋದ ಪ್ರಾಣಿ, ಬೆಳಕಿಲ್ಲದಿದ್ದರೂ ಗೂಡಿನ ಕಡೆಗೆ ನೆಟ್ಟಗೆ ತಿರುಗುತ್ತದೆಂದು ಕಂಡುಬಂದಿತು. ತಾನು ಎಷ್ಟು ನಡೆದೆ, ಎಷ್ಟು ತಿರುಗಿದೆ ಎಂಬುದರ ಲೆಕ್ಕವನ್ನು ಅದರ ಶರೀರವೇ ಇಟ್ಟುಕೊಳ್ಳುತ್ತದೆ. ಆದರೆ ದಾರಿ ಉದ್ದವಾದಂತೆ ಲೆಕ್ಕದಲ್ಲಿ ತಪ್ಪು ಸೇರುತ್ತ ಹೋಗುತ್ತದೆ. ಇದರಿಂದ ನಮಗೊಂದು ಉಪಾಯ ದೊರೆಯುತ್ತದೆ. ಪಂಜರವನ್ನು ಮೇಜಿನಿಂದ ಇಳಿಸಿ, ಅದೇ ಜಾಗದ ನೆಲದ ಮೇಲೆ, ಬಾಗಿಲು ತೆರೆದು ಇಡಬೇಕು. ಒಳಗಿನ ಹಳೆಯ ಹಾಸನ್ನು ತೆಗೆದು ತೊಳೆಯಬಾರದು. ಸ್ವಂತ ವಾಸನೆ ಮೂಗಿಗೆ ತಾಗಿದರೆ ತಾನಾಗಿಯೇ ಒಳಗೆ ಬಂದು ಮಲಗುವುದುಂಟು. ಮೇಜನ್ನು ಹತ್ತಿ ಬರುವ ಸಾಮರ್ಥ್ಯ ಮಾತ್ರ ಅದಕ್ಕಿಲ್ಲ.

ಅಪಾಯಗಳೆಲ್ಲ ಮನೆಯಲ್ಲೇ ಇರುತ್ತವೆ. ಮೊದಲನೆಯದು ಇಲಿಪಾಷಾಣ, ಸ್ಪ್ರಿಂಗಿನ ಬೋನು, ಅಂಟಿನ ರಟ್ಟು. ಇವನ್ನು ಹುಡುಕಾಟಕ್ಕೂ ಮುಂಚೆಯೇ ತೆಗೆಯಬೇಕು. ಪಾಷಾಣದ ತುಂಡುಗಳನ್ನು ಎಣಿಸಿ, ಕಡಿದ ಗುರುತಿದೆಯೇ ಎಂದು ನೋಡಬೇಕು. ಎರಡನೆಯದು ಬೆಕ್ಕು. ಮೂರನೆಯದು ನೀರು ತುಂಬಿದ ಬಕೆಟ್ಟು ಮತ್ತು ಬಚ್ಚಲಮನೆಯ ಮೋರಿ. ನಾಲ್ಕನೆಯದು ವಿದ್ಯುತ್ತಿನ ತಂತಿ. ಅದರ ಹಲ್ಲಿಗೆ ತಂತಿಯೂ ಒಂದು ಕಡ್ಡಿಯೇ. ಐದನೆಯದು ನಾವೇ. ಬೀರುವನ್ನು ದಡಬಡನೆ ಎಳೆದು, ಪೊರಕೆಯಿಂದ ಕುಟ್ಟಿ, ಬಾಗಿಲು ಬಡಿದು ಜಜ್ಜಿಬಿಡುವ ಸಂಭವವಿದೆ.

ಹುಡುಕುವ ಕ್ರಮ ಸರಳ. ಎಲ್ಲ ಕೋಣೆಗಳ ಬಾಗಿಲು ಹಾಕಿ, ಬಾಗಿಲಡಿಯ ಸಂದಿಗೆ ಬಟ್ಟೆ ತುರುಕಬೇಕು. ಮಲಗುವ ಮುನ್ನ ಪ್ರತಿ ಕೋಣೆಯಲ್ಲಿ ಎಣಿಸಿದ ಹತ್ತು ಸೂರ್ಯಕಾಂತಿ ಬೀಜ ಇಟ್ಟು, ಸುತ್ತ ತೆಳ್ಳಗೆ ಅಕ್ಕಿಹಿಟ್ಟು ಉದುರಿಸಿದರೆ, ಬೆಳಗಾಗುವಷ್ಟರಲ್ಲಿ ಹೆಜ್ಜೆ ಗುರುತು ಯಾವ ಕೋಣೆಯೆಂದು ಹೇಳುತ್ತದೆ. ಮಾರನೆಯ ರಾತ್ರಿ ಆ ಕೋಣೆಯಲ್ಲಿ ಒಂದು ನುಣುಪಾದ ಆಳದ ಬಕೆಟ್ಟನ್ನಿಟ್ಟು, ತಳಕ್ಕೆ ದಪ್ಪ ಬಟ್ಟೆ ಹಾಸಿ, ಸ್ವಲ್ಪ ಸೌತೆಕಾಯಿ, ಕಡಲೆಬೀಜ ಹಾಕಬೇಕು. ಹೊರಗಡೆ ಪುಸ್ತಕಗಳನ್ನು ಮೆಟ್ಟಿಲಿನಂತೆ ಜೋಡಿಸಬೇಕು. ವಾಸನೆ ಹಿಡಿದು ಹತ್ತಿ ಒಳಗೆ ಬೀಳುವ ಪ್ರಾಣಿ ಮತ್ತೆ ಮೇಲೆ ಬರಲಾರದು. ಅಷ್ಟೂ ಹೊತ್ತು ದೀಪ ಆರಿಸಿ, ಮಾತು ನಿಲ್ಲಿಸಿ ಕಿವಿಗೊಟ್ಟು ಕುಳಿತರೆ, ಕರಕರನೆ ಕಡಿಯುವ ಸದ್ದು ಕೇಳಿಸದಿರದು.

ಕಂಡಾಗ ಬರಿಗೈಯಿಂದ ಹಿಡಿಯಬಾರದು. ಹೆದರಿದ ಪ್ರಾಣಿ ಕಚ್ಚುತ್ತದೆ. ಮುಂದೆ ಒಂದು ಲೋಟವನ್ನು ಅಡ್ಡಹಾಕಿ ಹಿಂದಿನಿಂದ ಮೆಲ್ಲಗೆ ಅಟ್ಟಿದರೆ ತಾನೇ ಒಳಗೆ ನುಗ್ಗುತ್ತದೆ. ಕಚ್ಚಿದ್ದರೆ ಗಾಯವನ್ನು ಸೋಪು ನೀರಿನಿಂದ ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸಬೇಕು. ಪಾಷಾಣ ಮುಟ್ಟಿರಬಹುದೆಂಬ ಸಂಶಯವಿದ್ದರೆ, ಪ್ರಾಣಿ ಚೆನ್ನಾಗಿ ಓಡಾಡುತ್ತಿದ್ದರೂ ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಬೇಕು. ಈಗ ಬಳಕೆಯಲ್ಲಿರುವ ಹಲವು ಪಾಷಾಣಗಳು ರಕ್ತ ಹೆಪ್ಪುಗಟ್ಟದಂತೆ ಮಾಡಿ, ಕೆಲವು ದಿನಗಳ ಮೇಲೆ ಕೊಲ್ಲುವಂಥವು. ಅಂಥವಕ್ಕೆ ಚಿಕಿತ್ಸೆಯುಂಟು, ಆದರೆ ಹೊತ್ತು ಮೀರಬಾರದು.

"ಹೊರಗೆ ಸ್ವತಂತ್ರವಾಗಿ ಬದುಕಿಕೊಳ್ಳಲಿ" ಎನ್ನುವವರೂ ಇದ್ದಾರೆ. ಇದು ದಯೆಯಲ್ಲ. ನಮ್ಮ ಬೀದಿಯ ಕಾಗೆ, ಬೆಕ್ಕು, ನಾಯಿಗಳ ಮುಂದೆ ಪಂಜರದಲ್ಲೇ ಹುಟ್ಟಿ ಬೆಳೆದ ಪ್ರಾಣಿ ಬಹಳ ದಿನ ಬಾಳಲಾರದು. ಅಥವಾ ಜೋಡಿಯಾಗಿ ಉಳಿದುಕೊಂಡರೆ ಬೇರೊಂದು ತೊಂದರೆ. ಇಂಗ್ಲೆಂಡಿನ ಕೆಲವು ಊರುಗಳಲ್ಲಿ 1950 ಮತ್ತು 60ರ ದಶಕಗಳಲ್ಲಿ ತಪ್ಪಿಸಿಕೊಂಡ ಹ್ಯಾಮ್‌ಸ್ಟರುಗಳು ಅಂಗಡಿಗಳ ನೆಲದಡಿ ಸಂಸಾರ ಹೂಡಿ, ಅವನ್ನು ಬೋನಿಟ್ಟು ಹಿಡಿಯಬೇಕಾಯಿತು.

ನೆರೆಮನೆಯ ಕತೆ ಎರಡನೆಯ ರಾತ್ರಿಗೆ ಮುಗಿಯಿತು. ಮಕ್ಕಳು ಕಾದು ಕಾದು ನಿದ್ದೆಹೋಗಿದ್ದರು. ಮುಪ್ಪಿನಲ್ಲಿ ನಿದ್ದೆ ಕಡಿಮೆ. ಅಕ್ಕಿಯ ಡ್ರಮ್ಮಿನ ಹಿಂದೆ ಸದ್ದು ಮೊದಲು ಕೇಳಿದ್ದು ಅಜ್ಜಿಗೇ. ಅವರೇ ಮೆಲ್ಲನೆ ಎದ್ದು ಮಗನನ್ನು ಎಬ್ಬಿಸಿದರು. ಡ್ರಮ್ಮು ಸರಿಸಿದಾಗ ಅಲ್ಲಿ ಎರಡು ಹಿಡಿಯಷ್ಟು ಬೀಜ, ಕಾಲೊರಸಿನ ಚಿಂದಿ, ಅದರ ನಡುವೆ ಉಬ್ಬಿದ ಕೆನ್ನೆಯ ಆಸಾಮಿ! ಪಾಷಾಣದ ತುಂಡುಗಳು ಎಣಿಕೆಗೆ ಸರಿಯಾಗಿದ್ದವು. ಈಗ ಆ ಮನೆಯಲ್ಲಿ ರಾತ್ರಿ ದೀಪ ಆರಿಸುವ ಮುನ್ನ ಪಂಜರದ ಬಾಗಿಲಿಗೆ ತಂತಿ ಸುತ್ತುವ ಕೆಲಸ ಅಜ್ಜಿಯದೇ ಆಗಿದೆ.